ಕೆಂಪು ಮೂರು ನಿಮಿಷ

ತಯ್ಯಾರ್ ಅದನ್ನು ತಂದದ್ದು ಹಳೇ ಪೇಪರಿನಲ್ಲಿ ಸುತ್ತಿ,
ಮೀನು ತರುವ ಹಾಗೆ.
ಅಲಿಯಾ ದಡದಲ್ಲಿ ಹಡಗು ಒಡೆಯುವವರು
ನೌಕಾಪಡೆಯ ಮುದಿ ನಾವೆಯೊಂದನ್ನು
ಮೂತಿಯಿಂದ ಬಾಲದವರೆಗೆ ಹೆಚ್ಚಿ ಮಾರಿದ್ದರಂತೆ.
ಏಣಿ ಒಬ್ಬನಿಗೆ, ಲಂಗರು ಒಬ್ಬನಿಗೆ,
ಕಪ್ತಾನನ ಕಮೋಡೂ ಹೋಯಿತಂತೆ ಒಳ್ಳೇ ಬೆಲೆಗೆ.
ಉಳಿದದ್ದು ಇದು. "ನೋಡು ಮುಅಲ್ಲಾ,
ಹೊತ್ತು ಹೊತ್ತು ಸುಸ್ತಾಗಿ ನಿಂತಿದೆ."

ಇಜ್ಮೀರಿನ ಹಳೇ ಪೇಟೆಯಲ್ಲಿ ನನ್ನದು ಮೂರು ಮೊಳದ ಅಂಗಡಿ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತೆ.
ಎಲ್ಲಕ್ಕೂ ಬೂದಿಬಣ್ಣ ಬಳಿದಿದ್ದರು ಪುಣ್ಯಾತ್ಮರು:
ತಿರುಪಿನ ಸೀಳಿಗೆ, ಬಾಗಿಲಿನ ಬಿಜಾಗರಿಗೆ,
ಯಾವನೋ ಸೋಮಾರಿಯ ಕುಂಚಕ್ಕೆ ಸಿಕ್ಕ ಸೊಳ್ಳೆಯೊಂದಕ್ಕೆ.
ಏಳು ಪದರ ಕೆರೆದೆ. ಏಳರ ಕೆಳಗೆ ಹಿತ್ತಾಳೆ,
ಹಳೇ ಎಳ್ಳೆಣ್ಣೆಯ ಬಣ್ಣ.
ಒಳಗೆ ಉಪ್ಪು. ಹಲ್ಲುಚಕ್ರದ ಸಂದಿಯಲ್ಲಿ
ಕಡಲೂ ತನ್ನ ಹಲ್ಲು ಊರಿತ್ತು.

ಹನ್ನೊಂದು ದಿನ. ಸೀಮೆಎಣ್ಣೆ, ಬ್ರಶ್ಶು, ಬೈಗುಳ.
ಕೂದಲೆಳೆಯ ಸ್ಪ್ರಿಂಗು ಉಸಿರು ತಾಗಿದರೂ ನಡುಗುತ್ತಿತ್ತು.
ಕೀಲಿ ಕೊಟ್ಟೆ. ಒಂದು ಗಳಿಗೆ ಏನೂ ಇಲ್ಲ.
ಆಮೇಲೆ, ಪಕ್ಕದ ಕೋಣೆಯಲ್ಲಿ ಯಾರೋ
ಕಡಲೆಕಾಯಿ ಬಿಡಿಸುವ ಹಾಗೆ, ಟಿಕ್.

ಮುಖ ಒರೆಸಿದಾಗ ಕಂಡವು ನಾಲ್ಕು ಹೋಳು:
ಎರಡು ಹಸಿರು, ಎರಡು ಕೆಂಪು.
ಕೆಂಪು, ಹದಿನೈದರಿಂದ ಹದಿನೆಂಟು,
ಮತ್ತೆ ನಲವತ್ತೈದರಿಂದ ನಲವತ್ತೆಂಟು.
ಕೊಳ್ಳಲು ಬಂದ ಅಲಾಚಾತಿಯ ಹೋಟೆಲ್ಲಿನವನು
"ಇವನ್ನು ಅಳಿಸಿಬಿಡಿ, ಪಿಜ್ಜಾ ಇದ್ದಂತಿದೆ" ಎಂದ.
ಮುಂಗಡ ಕೊಟ್ಟ. ನಾನೂ ಹ್ಞೂಂ ಎಂದೆ.
ಬಾಡಿಗೆ ಬಾಕಿಯಿತ್ತು.

ಮರುದಿನ ಹುಲೂಸಿ ಬೇ ಬಂದರು,
ಕೈಗಡಿಯಾರಕ್ಕೆ ಸೆಲ್ ಹಾಕಿಸಲು.
"ಗುಂಡಿಯಷ್ಟು ಸೆಲ್ಲಿಗೆ ಇನ್ನೂರೈವತ್ತು ಲಿರಾನೇ?
ನಾನೇನು ಮಗಳೇ, ನಿನ್ನ..."
ಎಂದವರು ಗೋಡೆ ನೋಡಿದರು.
ಮುಳ್ಳು ಕೆಂಪಿಗೆ ಕಾಲಿಟ್ಟಿತ್ತು.
ಮಾತು ಅರ್ಧಕ್ಕೇ ನಿಂತಿತು.
ಎಡಗೈ ಮೇಲೆದ್ದು
ಇಲ್ಲದ ಹೆಡ್‌ಫೋನನ್ನು ಕಿವಿಗೊತ್ತಿತು.
ಟೀ ಹುಡುಗ ಗ್ಲಾಸು ಕುಕ್ಕಿದ; ಅವನತ್ತ ಒಂದು ಬೆರಳು.
ಅವನೂ ನಿಂತ. ನಾನೂ.
ಹೊರಗೆ ಆಲಿವ್ ಮಾರುವವನ ಕೂಗು.
ಮೂರು ನಿಮಿಷ ಇಷ್ಟು ಉದ್ದವೆಂದು
ಗಡಿಯಾರ ರಿಪೇರಿಯವಳಿಗೇ ಗೊತ್ತಿರಲಿಲ್ಲ.

ಹದಿನೆಂಟು ದಾಟಿತು.
"...ನಿನ್ನ ಅಂಗಡಿಯನ್ನೇ ಕೊಳ್ಳಲು ಬಂದೆನೇ?" ಎಂದರು.

ಆಮೇಲೆ ಟೀ ಹೀರುತ್ತ ಹೇಳಿದರು:
ನೀರ ಮೇಲಿನ ಅಷ್ಟೂ ಹಡಗು, ಯಾವ ಬಾವುಟವೇ ಇರಲಿ,
ಗಂಟೆಗೆರಡು ಸಲ ಟಕಟಕ ನಿಲ್ಲಿಸಿ ಕಿವಿಯಾಗಬೇಕು.
ಆಗ ಮಾತಿನ ಸರದಿ
ಮುಳುಗುತ್ತಿರುವವನಿಗೆ ಮಾತ್ರ.
"ಇಪ್ಪತ್ತಾರು ವರ್ಷ ಕೇಳಿದೆ. ಬರೀ ಚರಚರ,
ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿದ ಹಾಗೆ.
ಎರಡೇ ಸಲ ಕರೆ ಬಂತು.
ಒಂದಕ್ಕೆ ಹೋದೆವು. ಒಂಬತ್ತು ಜನ, ಒಂದು ಬೆಕ್ಕು.
ಇನ್ನೊಂದು..." ಕರಗಿದ ಸಕ್ಕರೆಯನ್ನೇ ಮತ್ತೆ ಕಲಕಿದರು.
"ಮೂರು ಚುಕ್ಕೆ ಕೇಳಿಸಿತು. ಮೂರೇ. ಆಮೇಲೆ ಚರಚರ.
ಪುಸ್ತಕದಲ್ಲಿ ಬರೆದೆ, ಸ್ಪಷ್ಟವಿಲ್ಲ ಅಂತ."
ಇನ್ನೂರು ಲಿರಾ ಎಣಿಸಿಟ್ಟು ಹೊರಟರು.

ಮುಂಗಡ ಹಿಂದಿರುಗಿಸಿದೆ ಎಂದರೆ ಕತೆ ಚೆನ್ನಾಗಿರುತ್ತಿತ್ತು.
ಕೊಟ್ಟೆ ಹೋಟೆಲ್ಲಿನವನಿಗೇ, ಹೋಳು ಅಳಿಸದೆ,
ಅಳಿಸಿದರೆ ಬೆಲೆ ಬೀಳುತ್ತದೆಂದು ಹೆದರಿಸಿ.
ಈಗದು ಬಾರಿನ ಮೇಲಿದೆ. ಕೆಳಗೆ ಫೋರ್ಕು, ಗ್ಲಾಸು, ನಗು.
ಗಂಟೆಗೆರಡು ಸಲ ಆ ಕೆಂಪಿನಲ್ಲಿ
ಮುಳ್ಳೇ ಬರಿಗಾಲಲ್ಲಿ ನಡೆಯುತ್ತದೆ.

ನನ್ನ ಅಂಗಡಿಯಲ್ಲಿ ರಿಪೇರಿಗೆ ಬಂದವು ನಲವತ್ತು,
ಒಂದೊಂದಕ್ಕೂ ಅದರದೇ ಹೊತ್ತು.
ಯಾವಾಗ ನೋಡಿದರೂ ಯಾವುದೋ ಒಂದರಲ್ಲಿ
ಹದಿನಾರು ನಿಮಿಷ.
ಟೀ ಹುಡುಗ ಕೇಳುತ್ತಾನೆ,
"ಅಕ್ಕಾ, ಸಕ್ಕರೆ ಒಂದೋ ಎರಡೋ?"
ಬೆರಳೆತ್ತುತ್ತೇನೆ.
ಒಂದು ಅಂದುಕೊಳ್ಳುತ್ತಾನೆ.